ಮತ ಕೇಳದೆ ಮುಖ್ಯಮಂತ್ರಿಯಾದ ಅಧಿಕಾರಿ

ಸರಕಾರಿ ಸೇವೆಯಿಂದ ಮಂತ್ರಿಗಿರಿಗೆ ಬಂದವರ ಮಾತು ಬಂದಾಗ ನಾವು ಎಂ.ಕೆ. ವೆಲ್ಲೋಡಿಯವರನ್ನು ಮರೆತುಬಿಡುತ್ತೇವೆ. ಕಲಬುರಗಿ, ಕಮಲಾಪುರಗಳು ಹೈದರಾಬಾದ್ ರಾಜ್ಯದಲ್ಲಿದ್ದಾಗ ನಮ್ಮ ಹಿರಿಯರನ್ನು ಆಳಿದವರು ಅವರು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮಿಲಿಟರಿ ಆಡಳಿತ ಬಂತು. ಅದರ ನಂತರ ಐಸಿಎಸ್ ಅಧಿಕಾರಿ ವೆಲ್ಲೋಡಿ 1950ರ ಜನವರಿ 26ರಂದು ಮುಖ್ಯಮಂತ್ರಿಯಾದರು. ನಿಜಾಮರು ರಾಜಪ್ರಮುಖರು. ಸಚಿವ ಸಂಪುಟವಿತ್ತು, ಆದರೆ ಚುನಾಯಿತ ವಿಧಾನಸಭೆ ಇರಲಿಲ್ಲ.

ಈ ಆಡಳಿತದ ಒಳ್ಳೆಯ ಕೆಲಸವನ್ನು ಅಲ್ಲಗಳೆಯಲಾಗದು. ಜಾಗೀರುಗಳು 1949ರಲ್ಲೇ ರದ್ದಾಗಿದ್ದವು. 1950ರ ಗೇಣಿ ಕಾಯ್ದೆ ಉಳುವವನಿಗೆ ಸಂರಕ್ಷಿತ ಗೇಣಿದಾರನೆಂಬ ಹಕ್ಕು ಕೊಟ್ಟಿತು.

ಆದರೆ ಗಾಯದ ಮಾತೇನು? ರಜಾಕಾರರ ದೌರ್ಜನ್ಯವನ್ನು ಜನ ಕಂಡಿದ್ದರು. ಕಾರ್ಯಾಚರಣೆಯ ನಂತರ ನಡೆದ ಮುಸ್ಲಿಮರ ಹತ್ಯೆಯ ತನಿಖೆಗೆ ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರ ತಂಡ, ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರವೆಂದು ಅಂದಾಜಿಸಿತು. ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಗುಲ್ಬರ್ಗವೂ ಒಂದು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ಶಾಸಕನೇ ಆಗ ಇರಲಿಲ್ಲ.

1952ರ ಮಾರ್ಚ್‌ನಲ್ಲಿ, ಚುನಾವಣೆಯ ನಂತರ, ಬೂರ್ಗುಲ ರಾಮಕೃಷ್ಣ ರಾವ್ ಅಧಿಕಾರಕ್ಕೆ ಬಂದರು. ವೆಲ್ಲೋಡಿ ಮತ್ತೆ ಅಧಿಕಾರಿಯಾಗಿಯೇ ಮುಂದುವರಿದು 1957ರಲ್ಲಿ ಕೇಂದ್ರದ ಸಂಪುಟ ಕಾರ್ಯದರ್ಶಿಯಾದರು.

ದಕ್ಷ ಅಧಿಕಾರಿಯಿಂದ ಕಾಯ್ದೆ ಬರಬಹುದು. ನೊಂದವರಿಗೆ ಉತ್ತರ ಬರಬೇಕಾದರೆ, ಅದನ್ನು ಕೇಳುವ ಹಕ್ಕು ಜನರ ಕೈಯಲ್ಲಿರಬೇಕು. ನಮ್ಮ ಭಾಗದ ಚರಿತ್ರೆ ಇದನ್ನು ದುಬಾರಿ ಬೆಲೆ ತೆತ್ತು ಕಲಿತಿದೆ.