ನೆಗಮಂ ನೇಕಾರರ ಮನೆಯ ಎರಡು ಹೊಸವರ್ಷಗಳು

2024ನೆಯ ಇಸವಿಯ ಏಪ್ರಿಲ್ ತಿಂಗಳ ಎರಡನೆಯ ವಾರ ನಮ್ಮ ಕಡೆಯ ಮಕ್ಕಳಿಗೆ ಹಬ್ಬಗಳ ವಾರವಾಗಿದ್ದಿತು. 9ರಂದು ಯುಗಾದಿ, 11ರಂದು ರಂಜಾನ್, 14ರಂದು ತಮಿಳರ ಚಿತ್ತಿರೈ ಹೊಸವರ್ಷ. ಅದೇ ದಿನ ಕಣಿವೆಯಾಚೆಯ ಪಾಲಕ್ಕಾಡಿನಲ್ಲಿ ವಿಷು. ಹಬ್ಬಗಳು ಕಳೆದ ಮೇಲೆ ನೆಗಮಂ ಕಡೆಯ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ‘ಹೊಸವರ್ಷ’ ಎಂಬ ವಿಷಯವಾಗಿ ಒಂದು ಪುಟ ಬರೆಯಲು ಹೇಳಿದೆವು. ಕೆಲವರು ಜನವರಿ ಒಂದು ಎಂದು ಬರೆದರು, ಹೆಚ್ಚಿನವರು ಚಿತ್ತಿರೈ ಒಂದು ಎಂದು ಬರೆದರು. ನೇಕಾರರ ಮನೆಯ ಒಬ್ಬ ಹುಡುಗ ಮಾತ್ರ, ತನ್ನ ಮನೆಯಲ್ಲಿ ವರ್ಷವು ಎರಡು ಸಲ ಹುಟ್ಟುತ್ತದೆ ಎಂದು ತಮಿಳಿನಲ್ಲಿ ಬರೆದಿದ್ದನು. ಬರೆದು, ಮೊದಲನೆಯ ಹಬ್ಬದ ಹೆಸರನ್ನು ತಾನೇ ಹೊಡೆದುಹಾಕಿದ್ದನು. ನಾವು ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದು ಒಂದು ಅಂಕ ಕಳೆದೆವು. ವರ್ಷ ಎರಡು ಸಲ ಹುಟ್ಟುವುದುಂಟೆ?

ಹುಡುಗನು ಜಗಳಕ್ಕೆ ಬರಲಿಲ್ಲ. ಹೆಸರನ್ನೇಕೆ ಹೊಡೆದೆ ಎಂದು ನಾವೇ ಕೇಳಿದಾಗ, ಅದು ತೆಲುಗರ ಹಬ್ಬವೆಂದು ಜೊತೆಯವರು ಹೇಳುತ್ತಾರೆ, ತಾವು ತೆಲುಗರಲ್ಲ, ಹಾಗಾದರೆ ತಾವು ಯಾರೆಂದು ಬರೆಯಬೇಕೋ ತಿಳಿಯಲಿಲ್ಲ ಎಂದನು. ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ಇತಿಹಾಸವನ್ನು ಪಾಠ ಹೇಳುವ ನಾವು ಮಗುವಿನ ಮನೆಯಲ್ಲಿಯೇ ಇದ್ದ ಇತಿಹಾಸದ ಆಧಾರವೊಂದನ್ನು ತಪ್ಪೆಂದು ಗುರುತು ಹಾಕಿದ್ದೆವು. ಆ ಆಧಾರವನ್ನು ನಮ್ಮ ಸಹೋದ್ಯೋಗಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನೆಗಮಂ ಕೊಯಮತ್ತೂರು ಜಿಲ್ಲೆಯಲ್ಲಿ, ಪೊಳ್ಳಾಚಿಗೆ ಸಮೀಪದಲ್ಲಿರುವ ಸಣ್ಣ ಪಟ್ಟಣ. ಇಲ್ಲಿಯ ಹತ್ತಿಯ ಸೀರೆಗೆ ಇತ್ತೀಚಿನ ವರ್ಷಗಳಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿರುವುದನ್ನು ವಾಚಕರು ಬಲ್ಲರು. ಈ ಸೀಮೆಯ ನೇಕಾರರಲ್ಲಿ ದೇವಾಂಗರು ಮುಖ್ಯರು. ಬೀದಿಯಲ್ಲಿ ಅವರ ಮಾತು ತಮಿಳು, ಮಗ್ಗದ ಬಳಿ ಕನ್ನಡ. ದೇವಾಂಗರಲ್ಲಿ ಕನ್ನಡದವರೂ ತೆಲುಗಿನವರೂ ಇದ್ದಾರೆಂಬುದನ್ನು ಎಡ್ಗರ್ ಥರ್ಸ್ಟನ್ ಅವರು 1909ರಲ್ಲಿಯೇ ದಾಖಲಿಸಿದ್ದಾರೆ. ಆದುದರಿಂದ ಹುಡುಗನ ಜೊತೆಯವರ ಮಾತು ಪೂರ್ತಿ ಸುಳ್ಳೂ ಅಲ್ಲ, ಅವನ ಮನೆಯ ಮಟ್ಟಿಗೆ ನಿಜವೂ ಅಲ್ಲ. ಕೊಂಗುನಾಡು ಹೊಯ್ಸಳರನ್ನು ಕಂಡಿತು, ವಿಜಯನಗರವನ್ನು ಕಂಡಿತು; ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಒಡೆಯರ ಕೈಸೇರಿ, 1799ರಲ್ಲಿ ಟಿಪ್ಪು ಮಡಿಯುವವರೆಗೂ ಹೆಚ್ಚುಕಡಿಮೆ ಮೈಸೂರಿಗೇ ಸೇರಿದ್ದಿತು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದಿತೆಂಬುದನ್ನು ಇಂದಿನ ತರುಣ ಉಪಾಧ್ಯಾಯರು ಕೇಳಿದರೆ ಬೆರಗಾಗುತ್ತಾರೆ. ಇಂತಹ ನಾಡಿನಲ್ಲಿ ಎರಡು ಪಂಚಾಂಗಗಳು ಒಂದೇ ಮನೆಯಲ್ಲಿ ಕೂಡಿದುದು ಅಚ್ಚರಿಯಲ್ಲ.

ಈಗ ಆ ಎರಡು ಹೊಸವರ್ಷಗಳನ್ನು ನೋಡೋಣ. ಯುಗಾದಿ ಚಾಂದ್ರಮಾನದ್ದು, ಚಿತ್ತಿರೈ ಸೌರಮಾನದ್ದು ಎಂದು ನಾವೆಲ್ಲರೂ ಹೇಳಿ ಮುಗಿಸಿಬಿಡುತ್ತೇವೆ. ಮುಗಿಸಬಾರದು. ಸೂರ್ಯನು ಮೇಷರಾಶಿಯನ್ನು ಪ್ರವೇಶಿಸುವ ಸಂಕ್ರಾಂತಿಯು ಯಾವ ಚಾಂದ್ರಮಾಸದಲ್ಲಿ ಬೀಳುವುದೋ ಆ ಮಾಸಕ್ಕೆ ಚೈತ್ರವೆಂದು ಹೆಸರು; ಅದರ ಮೊದಲನೆಯ ದಿನ ಯುಗಾದಿ. ಆ ಪ್ರವೇಶವೇ ತಮಿಳರ ಚಿತ್ತಿರೈ ತಿಂಗಳ ಆರಂಭ. ಅಂದರೆ ಎರಡೂ ಹಬ್ಬಗಳು ಆಕಾಶದ ಒಂದೇ ಘಟನೆಯನ್ನು ನೋಡುತ್ತಿವೆ. ಒಬ್ಬನು ಅತಿಥಿ ಬರುವ ತಿಂಗಳ ಮೊದಲ ದಿನವೇ ತೋರಣ ಕಟ್ಟುತ್ತಾನೆ, ಇನ್ನೊಬ್ಬನು ಅತಿಥಿ ಹೊಸ್ತಿಲು ದಾಟಿದಾಗ ಕಟ್ಟುತ್ತಾನೆ. ಆದುದರಿಂದಲೇ ಯುಗಾದಿ ಸಾಮಾನ್ಯವಾಗಿ ಮುಂಚೆ ಬರುತ್ತದೆ, ಒಂದು ತಿಂಗಳಿಗಿಂತ ಹೆಚ್ಚು ಮುಂಚೆ ಬರುವುದಿಲ್ಲ. 2023ರಲ್ಲಿ ಅದು ಮಾರ್ಚ್ 22ರಂದು ಬಂದಿತು. ಆ ವರ್ಷ ಅಧಿಕ ಶ್ರಾವಣ ಸೇರಿಕೊಂಡುದರಿಂದ 2024ರಲ್ಲಿ ಏಪ್ರಿಲ್ 9ಕ್ಕೆ ಹೋಯಿತು. 2025ರಲ್ಲಿ ಮತ್ತೆ ಮಾರ್ಚ್ 30. ಚಿತ್ತಿರೈ ಮಾತ್ರ ಮೂರು ವರ್ಷವೂ ಏಪ್ರಿಲ್ 14ನ್ನು ಬಿಡಲಿಲ್ಲ.

ಇದಕ್ಕಿಂತ ಸೋಜಿಗವಾದುದು ಹೆಸರುಗಳ ವಿಚಾರ. 2024ರಲ್ಲಿ ಯುಗಾದಿಯಂದು ಹುಟ್ಟಿದ ವರ್ಷ ಕ್ರೋಧಿ. ಐದು ದಿನಗಳ ಮೇಲೆ ತಮಿಳರಿಗೆ ಹುಟ್ಟಿದ ವರ್ಷವೂ ಕ್ರೋಧಿಯೇ. ಅರವತ್ತು ಸಂವತ್ಸರಗಳ ಚಕ್ರ ಇಬ್ಬರಿಗೂ ಒಂದು. ತಿಂಗಳುಗಳನ್ನು ತೆಗೆದುಕೊಳ್ಳಿ. ಚೈತ್ರ ಚಿತ್ತಿರೈ ಆಯಿತು, ವೈಶಾಖ ವೈಕಾಸಿ, ಆಷಾಢ ಆಡಿ, ಶ್ರಾವಣ ಆವಣಿ, ಕಾರ್ತಿಕ ಕಾರ್ತಿಗೈ, ಫಾಲ್ಗುಣ ಪಂಗುನಿ. ಪುರಟ್ಟಾಸಿ ಎಂಬುದು ಬೇರೆಯಂತೆ ಕಂಡರೂ ಭಾದ್ರಪದದ ಹಳೆಯ ಹೆಸರಾದ ಪ್ರೋಷ್ಠಪದದ ರೂಪ. ಐಪ್ಪಸಿಯಲ್ಲಿ ಆಶ್ವಯುಜ ಅಡಗಿದೆ. ತೈ ತಿಂಗಳಲ್ಲಿ ಪುಷ್ಯ ನಕ್ಷತ್ರದ ಇನ್ನೊಂದು ಹೆಸರಾದ ತಿಷ್ಯವಿದೆ. ಹುಣ್ಣಿಮೆಯ ಚಂದ್ರ ಯಾವ ನಕ್ಷತ್ರದ ಬಳಿ ನಿಲ್ಲುವನೋ ಅದರ ಹೆಸರು ತಿಂಗಳಿಗೆ ಬಂದುದಾದ್ದರಿಂದ, ಸೌರಮಾಸದವರೂ ಚಂದ್ರನ ಹೆಸರುಗಳನ್ನೇ ಹೊತ್ತು ನಡೆದಿದ್ದಾರೆ. ಇದನ್ನು ಕಪ್ಪುಹಲಗೆಯ ಮೇಲೆ ಎರಡು ಸಾಲಾಗಿ ಬರೆದು ತೋರಿಸಿದ ದಿನ ತರಗತಿಯಲ್ಲಿ ಎದ್ದ ಗದ್ದಲವನ್ನು ನಾವು ಮರೆಯಲಾರೆವು. ಯುಗಾದಿಯನ್ನು ಪರರ ಹಬ್ಬವೆಂದವರೇ ಮೊದಲು ನಕ್ಕರು.

ಚಾಂದ್ರಮಾನವೇ ಕನ್ನಡದ ಗುರುತೆಂದು ಯಾರಾದರೂ ಹೇಳಿದರೆ ಅದನ್ನೂ ಒಪ್ಪಲಾಗದು. ಕಾಸರಗೋಡು ಸೇರಿದಂತೆ ತುಳುನಾಡಿನಲ್ಲಿ ಸೌರಮಾನದ ಬಿಸು ಪರ್ಬವೇ ವರ್ಷದ ಆರಂಭ. ಅಲ್ಲಿಯ ನಮ್ಮ ಸಹೋದ್ಯೋಗಿಗಳು ಈ ವಿಷಯದಲ್ಲಿ ನೆಗಮಂ ನೇಕಾರನಿಗಿಂತ ಅವನ ತಮಿಳು ನೆರೆಯವನಿಗೆ ಹತ್ತಿರದವರು. ಹಬ್ಬದ ದಿನಾಂಕಕ್ಕೂ ಭಾಷೆಯ ಗಡಿಗೂ ನೇರವಾದ ಗೆರೆ ಎಳೆಯುವವರು ಒಮ್ಮೆ ಮಂಜೇಶ್ವರಕ್ಕೆ ಹೋಗಿಬರುವುದು ಒಳ್ಳೆಯದು.

ಹುಡುಗನ ಎರಡನೆಯ ಪ್ರಶ್ನೆ ನಮ್ಮನ್ನು ಇನ್ನೂ ಕಷ್ಟಕ್ಕೆ ಸಿಕ್ಕಿಸಿತು. ಭೂಗೋಳದ ಪಾಠದಲ್ಲಿ ಸೂರ್ಯ ಡಿಸೆಂಬರ್ 22ರ ಸುಮಾರಿಗೆ ಉತ್ತರಕ್ಕೆ ತಿರುಗುತ್ತಾನೆಂದು ಕಲಿಸುತ್ತೀರಿ. ಮನೆಯಲ್ಲಿ ಅಜ್ಜಿ ಉತ್ತರಾಯಣ ಪೊಂಗಲ್ ದಿನವೆನ್ನುತ್ತಾಳೆ. ಇವರಲ್ಲಿ ಯಾರು ಸರಿ? ಇಬ್ಬರೂ ಸರಿ, ಬೇರೆ ಬೇರೆ ಕಾಲದಲ್ಲಿ. ನಮ್ಮ ಪಂಚಾಂಗವು ಸೂರ್ಯನನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಅಳೆಯುತ್ತದೆ. ಋತುಗಳಾದರೋ ಭೂಮಿಯ ಅಕ್ಷದ ಓಲಾಟವನ್ನು ಅನುಸರಿಸುತ್ತವೆ. ಅಕ್ಷವು ಬಹು ನಿಧಾನವಾಗಿ ತಿರುಗುವುದರಿಂದ ಸುಮಾರು ಎಪ್ಪತ್ತು ವರ್ಷಗಳಿಗೆ ಒಂದು ದಿನದಂತೆ ಇವೆರಡೂ ದೂರ ಸರಿಯುತ್ತವೆ. ಮಕರ ಸಂಕ್ರಾಂತಿಯೂ ನಿಜವಾದ ಉತ್ತರಾಯಣವೂ ಒಂದೇ ದಿನ ಬರುತ್ತಿದ್ದುದು ಒಂದೂವರೆ ಸಾವಿರ ವರ್ಷಗಳಿಗೂ ಹಿಂದೆ. ಅಜ್ಜಿಯ ಬಾಯಲ್ಲಿರುವುದು ಆ ಕಾಲದ ಆಕಾಶ. ಶಾಸನ ತಜ್ಞರು ಕಲ್ಲಿನಲ್ಲಿ ಹುಡುಕುವ ವಸ್ತು ಇಲ್ಲಿ ಅಡಿಗೆಮನೆಯಲ್ಲಿ ಸಿಕ್ಕಿತು.

ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕಗೊಂಡ ಪಂಚಾಂಗ ಸುಧಾರಣಾ ಸಮಿತಿಯು ಇದೇ ವ್ಯತ್ಯಾಸವನ್ನು ಸರಿಪಡಿಸಲು ಯತ್ನಿಸಿತು. ದೇಶದಲ್ಲಿ ಸುಮಾರು ಮೂವತ್ತು ಪಂಚಾಂಗಗಳು ಬಳಕೆಯಲ್ಲಿದ್ದುವು. ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22ರಂದು ಶಕ 1879ರ ಚೈತ್ರ 1 ಎಂದು ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಗೆಜೆಟ್ಟಿನ ತಲೆಬರಹದಲ್ಲಿ ಅದು ನಿಂತಿದೆ. ಯಾರ ಮನೆಯ ಬಾಗಿಲಿಗೂ ತೋರಣವಾಗಲಿಲ್ಲ. ವಿಜ್ಞಾನ ಗೆದ್ದು ಹಬ್ಬ ಸೋಲದ ಇಂತಹ ಪ್ರಸಂಗಗಳು ಇತಿಹಾಸದಲ್ಲಿ ಅನೇಕ.

ಪಾಶ್ಚಾತ್ಯರ ಕ್ಯಾಲೆಂಡರು ಸಹಜವಾದುದು, ನಮ್ಮದು ಗೋಜಲಿನದು ಎಂಬ ಭಾವನೆ ಮಕ್ಕಳಲ್ಲಿ ಬೇರೂರಿದೆ. ಆಗಸ್ಟ್ ತಿಂಗಳನ್ನೇ ನೋಡೋಣ. ಅದರ ಮೊದಲ ಹೆಸರು ಸೆಕ್ಸ್ಟಿಲಿಸ್, ಎಂದರೆ ಆರನೆಯದು, ಕ್ರಿ. ಪೂ. 8ರಲ್ಲಿ ರೋಮ್ ಚಕ್ರವರ್ತಿ ಅಗಸ್ಟಸನ ಗೌರವಾರ್ಥ ಹೆಸರು ಬದಲಾಯಿತು. ಈ ಅಗಸ್ಟಸನು ನಮಗೆ ದೂರದವನಲ್ಲ. 1800ರಲ್ಲಿ ಮೈಸೂರು, ಮಲೆಯಾಳ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅವರು ಪೊಳ್ಳಾಚಿಯಲ್ಲಿ ನೆಲದಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳ ವಿಷಯ ಬರೆದಿದ್ದಾರೆ; ಅವು ಅಗಸ್ಟಸ್ ಮತ್ತು ಟಿಬೇರಿಯಸರವು. ಕೊಯಮತ್ತೂರಿಗೆ ಹೊಂದಿದ ವೆಳ್ಳಲೂರಿನಲ್ಲಿಯೂ ಅಂತಹವೇ ದೊರೆತಿವೆ. ಪಾಲಕ್ಕಾಡು ಕಣಿವೆಯ ಮೂಲಕ ಪಶ್ಚಿಮದ ಬಂದರುಗಳಿಂದ ಬಂದ ವ್ಯಾಪಾರದ ಹಣವದು. ಪ್ರತಿವರ್ಷ ಆಗಸ್ಟ್ ಹದಿನೈದರಂದು ನಾವು ಬಾವುಟ ಹಾರಿಸುವ ತಿಂಗಳಿಗೆ ಹೆಸರು ಕೊಟ್ಟವನ ಮುಖವು ನೆಗಮಂ ಮಕ್ಕಳು ಬಸ್ಸು ಹತ್ತಿ ಹೋಗುವಷ್ಟು ದೂರದಲ್ಲಿ ನೆಲದೊಳಗೆ ಮಲಗಿದ್ದಿತು.

ಸೆಪ್ಟೆಂಬರಿನಲ್ಲಿ ಸಪ್ತ, ಅಕ್ಟೋಬರಿನಲ್ಲಿ ಅಷ್ಟ, ನವೆಂಬರಿನಲ್ಲಿ ನವ, ಡಿಸೆಂಬರಿನಲ್ಲಿ ದಶ ಕೇಳಿಸುತ್ತದಲ್ಲಾ ಎಂದು ಮಕ್ಕಳೇ ಕಂಡುಹಿಡಿದರು. ಒಂಬತ್ತನೆಯ ತಿಂಗಳಿಗೆ ಏಳೆಂಬ ಹೆಸರೇಕೆ? ರೋಮನ್ನರ ಹಳೆಯ ವರ್ಷವೂ ಮಾರ್ಚಿನಲ್ಲಿಯೇ ಆರಂಭವಾಗುತ್ತಿದ್ದಿತು. ಇಂಗ್ಲೆಂಡಿನಲ್ಲಿ ಕಾಯಿದೆಯ ವರ್ಷ ಬಹುಕಾಲ ಮಾರ್ಚ್ 25ರಂದು ಹುಟ್ಟುತ್ತಿದ್ದು, 1752ರಿಂದ ಜನವರಿ 1ಕ್ಕೆ ಬಂದಿತು. ಅದೇ ವರ್ಷ ಸೆಪ್ಟೆಂಬರ್ 2ರ ಮರುದಿನ 14 ಎಂದು ಎಣಿಸಿ ಹನ್ನೊಂದು ದಿನಗಳನ್ನು ಬಿಟ್ಟುಬಿಟ್ಟರು. ಪೋಪ್ 13ನೆಯ ಗ್ರೆಗರಿಯ ಆಜ್ಞೆಯಂತೆ ಇಟಲಿ, ಸ್ಪೇನ್ ದೇಶಗಳು ಈ ಕೆಲಸವನ್ನು 1582ರಲ್ಲಿಯೇ ಮುಗಿಸಿದ್ದುವು. ರಷ್ಯಾ 1918ರವರೆಗೆ ಕಾದುದರಿಂದ ಅದರ ಅಕ್ಟೋಬರ್ ಕ್ರಾಂತಿ ನಮ್ಮ ಲೆಕ್ಕಕ್ಕೆ ನವೆಂಬರಿನಲ್ಲಿ ಬೀಳುತ್ತದೆ.

ಬಾಬಿಲೋನಿಯದವರು ಹತ್ತೊಂಬತ್ತು ವರ್ಷಗಳಲ್ಲಿ ಏಳು ಅಧಿಕಮಾಸಗಳನ್ನು ಸೇರಿಸುತ್ತಿದ್ದರು. ಯೆಹೂದ್ಯರು ಇಂದಿಗೂ ಸೇರಿಸುತ್ತಾರೆ. ಚೀನದ ಹೊಸವರ್ಷದ ಹಿಂದೆಯೂ ಇದೇ ಲೆಕ್ಕ. ಇರಾನಿನ ನವ್ರೋಜ್ ನೇರವಾಗಿ ವಸಂತ ವಿಷುವದ ದಿನವೇ ಬರುತ್ತದೆ. ಹಿಜರಿಯಲ್ಲಿ ಅಧಿಕಮಾಸವಿಲ್ಲದುದರಿಂದ ರಂಜಾನ್ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿದು ಸುಮಾರು ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಮುಟ್ಟಿಬರುತ್ತದೆ. ಇಲ್ಲಿ ನಮ್ಮ ಸೀಮೆಯ ಒಂದು ಸಂಗತಿ ಹೇಳದೆ ಮುಂದೆ ಹೋಗಲಾಗದು. ಕೊಂಗುನಾಡನ್ನು ಆಳಿದ ಟಿಪ್ಪು ಸುಲ್ತಾನನು ಹಿಜರಿಯನ್ನು ಬಿಟ್ಟು ಮೌಲೂದಿ ಎಂಬ ಶಕವನ್ನು ತನ್ನ ನಾಣ್ಯಗಳ ಮೇಲೆ ಹಾಕಿಸಿದನು. ಅದರ ವರ್ಷ ನಮ್ಮ ಪಂಚಾಂಗದಂತೆ ಚಂದ್ರ ಸೂರ್ಯರಿಬ್ಬರನ್ನೂ ಅನುಸರಿಸಿದ್ದಿತು. ಅರವತ್ತು ಸಂವತ್ಸರಗಳಿಗೂ ಅವನು ಹೊಸ ಹೆಸರಿಟ್ಟನು. ಕಂದಾಯವು ಬೆಳೆಯ ಬೆನ್ನು ಹಿಡಿದು ಬರಬೇಕಾದ ನಾಡಿನಲ್ಲಿ ಋತು ತಪ್ಪಿದ ವರ್ಷ ದೊರೆಗೂ ಒಗ್ಗದೆಂದು ನಮ್ಮ ಅಭಿಪ್ರಾಯ.

ನಮ್ಮ ಕಾಲದಲ್ಲಿಯೂ ವರ್ಷಾರಂಭ ಅಲುಗಿದ್ದುಂಟು. ತಮಿಳುನಾಡಿನಲ್ಲಿ 2008ರ ಕಾಯಿದೆಯೊಂದು ಹೊಸವರ್ಷವನ್ನು ತೈ ಒಂದಕ್ಕೆ ಒಯ್ದಿತು. 2011ರಲ್ಲಿ ಅದು ರದ್ದಾಗಿ ಚಿತ್ತಿರೈ ಹಿಂದಿರುಗಿತು. ಎರಡೂ ಪಕ್ಷದ ವಾದಗಳಿಗೆ ಇಲ್ಲಿ ಸ್ಥಳವಿಲ್ಲ. ನೇಕಾರರ ಮನೆಗಳಲ್ಲಿ ಆ ವರ್ಷಗಳಲ್ಲಿಯೂ ಬೇವು ಬೆಲ್ಲ ತಪ್ಪಲಿಲ್ಲ.

ರೈತನ ಹಬ್ಬಗಳನ್ನು ಎಲ್ಲರೂ ಬರೆದಿದ್ದಾರೆ. ನೇಕಾರನ ಋತುಗಳನ್ನು ಬರೆದವರು ಕಡಿಮೆ. ಕೊಯಮತ್ತೂರು ಸೀಮೆ ಪಶ್ಚಿಮಘಟ್ಟದ ಮಳೆನೆರಳಿನಲ್ಲಿದೆ. ಆಡಿ ತಿಂಗಳಲ್ಲಿ ಕಣಿವೆಯಿಂದ ನುಗ್ಗಿಬರುವುದು ಗಾಳಿಯೇ ಹೆಚ್ಚು; ನಿಜವಾದ ಮಳೆ ಐಪ್ಪಸಿ, ಕಾರ್ತಿಗೈಗಳಲ್ಲಿ ಈಶಾನ್ಯದಿಂದ. ಹಾಸಿನ ನೂಲಿಗೆ ಗಂಜಿ ಹಾಕಿ ಬೀದಿಯುದ್ದಕ್ಕೂ ಎಳೆದು ಒಣಗಿಸುವ ಕೆಲಸ ಬೆಳಗಿನ ಒಣಹವೆಯಲ್ಲಿ ಆಗಬೇಕು. ಮಳೆ ಹಿಡಿದರೆ ಗಂಜಿ ಒಣಗದು, ಕುಣಿಮಗ್ಗದ ಗುಂಡಿಯಲ್ಲಿ ತೇವ ಏರುತ್ತದೆ. ರೈತನು ಮುಗಿಲು ನೋಡಿ ಕೈಮುಗಿಯುವಾಗ ಪಕ್ಕದ ಮನೆಯ ನೇಕಾರನು ಹಾಸನ್ನು ಸುತ್ತಿಕೊಂಡು ಒಳಗೆ ಓಡುತ್ತಾನೆ. ಆಡಿಯಲ್ಲಿ ಮದುವೆಗಳಿಲ್ಲದುದರಿಂದ ಸೀರೆಗೆ ಗಿರಾಕಿ ಕಡಿಮೆ. ದೀಪಾವಳಿಗೆ ಮುಂಚೆ ರಾತ್ರಿಯೂ ಲಾಳಿ ನಿಲ್ಲದು. ಇನ್ನು ದಸರೆ ಬಂದರೆ ಮಗ್ಗಕ್ಕೂ ಲಾಳಿಗೂ ಪೂಜೆ. ವಿಜಯದಶಮಿಯಂದು ಕೊಯಮತ್ತೂರಿನಲ್ಲಿ ಚೌಡೇಶ್ವರಿಯ ಮೆರವಣಿಗೆಯ ಮುಂದೆ ದೇವಾಂಗ ತರುಣರು ಕತ್ತಿಯಿಂದ ಮೈ ಸೋಕಿಸಿಕೊಂಡು ದೇವಿಯನ್ನು ಕರೆಯುವುದನ್ನು ನೋಡಿದವರು ಮರೆಯುವುದಿಲ್ಲ. ಮೊದಲ ಬಟ್ಟೆ ನೇಯ್ದ ದೇವಲ ಋಷಿಯನ್ನು ರಾಕ್ಷಸರಿಂದ ಕಾಪಾಡಿದವಳು ಆ ದೇವಿ ಎಂಬುದು ಕುಲದ ಕಥೆ; ನೂಲಿನ ಬಣ್ಣಗಳು ಸತ್ತ ರಾಕ್ಷಸರ ನೆತ್ತರಿಂದ ಬಂದುವಂತೆ. ಕೃಷಿಯ ಹಬ್ಬವಾದ ಪೊಂಗಲನ್ನು ಇವರು ನೆರೆಯವರಂತೆಯೇ ಮಾಡುತ್ತಾರೆ. ಕಬ್ಬು ಮಾತ್ರ ಸಂತೆಯಿಂದ ಬರಬೇಕು.

ಇದೆಲ್ಲವನ್ನೂ ಹುಡುಗನಿಗೆ ಒಂದೇ ದಿನ ಹೇಳಿದೆವೆಂದು ತಿಳಿಯಬಾರದು; ಅರ್ಧಕ್ಕರ್ಧ ನಾವೇ ಆಮೇಲೆ ಓದಿ ಕಲಿತುದು. ಅವನಿಗೆ ಒಂದು ನೋಟುಪುಸ್ತಕ ಕೊಟ್ಟು ಮೂರು ಮನೆಗಳನ್ನು ಗೆರೆ ಹಾಕಿಸಿದೆವು: ಇಂಗ್ಲಿಷ್ ದಿನಾಂಕ, ಬೀದಿಯಲ್ಲಿ ಕರೆಯುವ ಹೆಸರು, ಮನೆಯಲ್ಲಿ ಕರೆಯುವ ಹೆಸರು. ಮೂರನೆಯದನ್ನು ಅವನು ತಮಿಳು ಅಕ್ಷರಗಳಲ್ಲಿಯೇ ತುಂಬಿದನು, ಕನ್ನಡ ಅಕ್ಷರ ಅವನ ಮನೆಯಲ್ಲಿ ಯಾರಿಗೂ ಬಾರದು. ತಮಿಳಿನಲ್ಲಿ ಗಕಾರಕ್ಕೂ ದಕಾರಕ್ಕೂ ಪ್ರತ್ಯೇಕ ಅಕ್ಷರವಿಲ್ಲದುದರಿಂದ ಬರಹದಲ್ಲಿ ಯುಗಾದಿಯು ‘ಯುಕಾತಿ’ ಆಗಿ ನಿಂತಿತು. ಅಜ್ಜಿ ಹೇಳಿದಂತೆ ಉಚ್ಚರಿಸಿ ತೋರಿಸಿ, ಇದನ್ನು ಸರಿಯಾಗಿ ಬರೆಯುವ ಅಕ್ಷರವಿದೆಯೇ ಎಂದು ಕೇಳಿದನು. ನಾವು ಐದು ಅಕ್ಷರ ಕಲಿಸಬೇಕೆಂದು ಕುಳಿತವರು ಆ ಬೇಸಗೆಯಲ್ಲಿ ವರ್ಣಮಾಲೆಯನ್ನೇ ಕಲಿಸಿದೆವು.

ತಾಳವಾಡಿ, ಹೊಸೂರು, ಕಾಸರಗೋಡು, ಅಕ್ಕಲಕೋಟೆ ಮೊದಲಾದ ಕಡೆಗಳ ಉಪಾಧ್ಯಾಯ ಬಂಧುಗಳು ತಮ್ಮ ತರಗತಿಗಳಲ್ಲಿಯೂ ಇಂತಹ ಮೂರು ಮನೆಗಳ ಪಟ್ಟಿಯನ್ನು ಮಾಡಿಸಿದರೆ, ಯಾವ ಹೆಸರು ಯಾವ ಊರಿನವರೆಗೆ ನಡೆದಿದೆಯೆಂಬುದನ್ನು ಮುಂದಿನ ಸಂಚಿಕೆಯಲ್ಲಿ ಕೂಡಿಸಿ ನೋಡಬಹುದು. ಹುಡುಗನ ಪಟ್ಟಿಯಲ್ಲಿ ಈಗ ನಲವತ್ತಕ್ಕೂ ಹೆಚ್ಚು ಹೆಸರುಗಳಿವೆ. ನಾವು ಕಳೆದಿದ್ದ ಒಂದು ಅಂಕವನ್ನು ಕೂಡಿಸಿಕೊಟ್ಟೆವು; ಅಷ್ಟರಲ್ಲಿ ಆ ವರ್ಷದ ಅಂಕಪಟ್ಟಿ ಕಚೇರಿಗೆ ಹೋಗಿಬಿಟ್ಟಿದ್ದಿತು.