ಕರಾವಳಿಯ ಮಾರ್ಗಗಳ ಯೋಗಕ್ಷೇಮ

ಇಲ್ಲದುದನ್ನು ಸಂಪಾದಿಸುವದು ಯೋಗವೆಂದೂ, ಸಂಪಾದಿಸಿದುದನ್ನು ಕಾಪಾಡಿಕೊಳ್ಳುವದು ಕ್ಷೇಮವೆಂದೂ ನಮ್ಮ ಭಾಷ್ಯಕಾರರು ವಿಂಗಡಿಸಿರುವರು. ಈ ವಿಭಾಗವು ಗೃಹಸ್ಥನ ಸಂಸಾರಕ್ಕೆ ಹೇಗೋ ಊರಿನ ಮಾರ್ಗಗಳಿಗೂ ಹಾಗೆಯೇ ಸಲ್ಲುವದು. ಹೊಸ ಮಾರ್ಗವನ್ನು ತೆಗೆಯುವದು ಒಂದು ಕಾರ್ಯ. ತೆಗೆದ ಮಾರ್ಗವನ್ನು ವರ್ಷವರ್ಷವೂ ಮಳೆಯ ಬಾಯಿಂದ ಉಳಿಸಿಕೊಳ್ಳುವದು ಇನ್ನೊಂದು ಕಾರ್ಯ. ಮೊದಲನೆಯದಕ್ಕೆ ದೂರದ ಬೊಕ್ಕಸದಿಂದಲೂ ದ್ರವ್ಯವು ಒದಗಬಹುದು. ಎರಡನೆಯದಕ್ಕೆ ಹತ್ತಿರದ ಬೊಕ್ಕಸವೇ ಗತಿ. ಕುಮಟಾ, ಹೊನ್ನಾವರ, ಭಟಕಳ ಎಂಬ ಮೂರು ತಾಲೂಕುಗಳ ಮಾರ್ಗಚರಿತ್ರೆಯು ಈ ಮಾತಿಗೆ ಒಳ್ಳೆಯ ದೃಷ್ಟಾಂತವಾಗಿದೆ.

ಈ ಸೀಮೆಯ ನೆಲವು ಮಾರ್ಗಕ್ಕೆ ಅನುಕೂಲವಾದುದಲ್ಲ. ಪೂರ್ವಕ್ಕೆ ಸಹ್ಯಾದ್ರಿ, ಪಶ್ಚಿಮಕ್ಕೆ ಸಮುದ್ರ; ನಡುವಣ ಇಕ್ಕಟ್ಟಾದ ಪಟ್ಟಿಯನ್ನು ಅಘನಾಶಿನಿ, ಶರಾವತಿ, ವೆಂಕಟಾಪುರ ಹೊಳೆಗಳು ಅಡ್ಡಲಾಗಿ ಕಡಿಯುತ್ತವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಭಾಗವು ನಾಲ್ಕು ತಿಂಗಳೊಳಗೇ ಬೀಳುವದು. ಆದುದರಿಂದ ಹಿಂದಿನವರು ನೀರನ್ನೇ ದಾರಿ ಮಾಡಿಕೊಂಡಿದ್ದರು. ಹೊನ್ನಾವರದಿಂದ ಗೇರಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿಗಳು ಹೋಗುತ್ತಿದ್ದವು. ಅಲ್ಲಿಂದ ಮುಂದೆ ಹೇರಿನ ಎತ್ತುಗಳು ಘಟ್ಟವನ್ನು ಏರುತ್ತಿದ್ದವು. ಕೆಳದಿಯ ಅರಸರ ಕಾಲದಲ್ಲಿ ಸುಂಕವು ಅರಮನೆಗೆ ಸಲ್ಲುತ್ತಿತ್ತು. ದಾರಿಗರ ಸೌಕರ್ಯವು ಬಹುಮಟ್ಟಿಗೆ ಪೂರ್ತಧರ್ಮಕ್ಕೆ ಸೇರಿದ್ದಿತು: ಬಾವಿ, ಛತ್ರ, ಅರವಟ್ಟಿಗೆ, ನೆರಳಿನ ಮರ ಮೊದಲಾದವುಗಳನ್ನು ಉಳ್ಳವರು ಪುಣ್ಯಾರ್ಥವಾಗಿ ಕಲ್ಪಿಸುತ್ತಿದ್ದರು.

1799ರಲ್ಲಿ ಟೀಪೂ ಸುಲ್ತಾನನ ಪತನಾನಂತರ ಈ ಸೀಮೆಯು ಕಂಪನಿ ಸರಕಾರದ ಕೈಸೇರಿ ಮದ್ರಾಸ ಇಲಾಖೆಗೆ ಒಳಪಟ್ಟಿತು. ಧಾರವಾಡವಾದರೋ ಮುಂದೆ ಮುಂಬಯಿ ಇಲಾಖೆಗೆ ಸೇರಿತು. ಹೀಗೆ ಹತ್ತಿ ಬೆಳೆಯುವ ಭೂಮಿ ಒಂದು ಸರಕಾರದ್ದು, ಹತ್ತಿ ಹಡಗನ್ನೇರುವ ಬಂದರ ಇನ್ನೊಂದು ಸರಕಾರದ್ದು ಆಯಿತು. ಧಾರವಾಡ ಸೀಮೆಯ ಹತ್ತಿಯು ಹುಬ್ಬಳ್ಳಿ, ಶಿರಸಿಗಳನ್ನು ಹಾಯ್ದು, ದೇವಿಮನೆ ಘಟ್ಟವನ್ನಿಳಿದು, ಕುಮಟೆಯಿಂದ ಸಮುದ್ರಮಾರ್ಗವಾಗಿ ಮುಂಬಯಿಗೆ ಹೋಗುತ್ತಿತ್ತು. ಹತ್ತಿಯು ಕುಮಟೆಯ ಬೆಳೆಯಲ್ಲದಿದ್ದರೂ ‘ಕುಮಟಾ ಹತ್ತಿ’ ಎಂಬ ಹೆಸರು ವ್ಯಾಪಾರದಲ್ಲಿ ರೂಢವಾಗಿ ನಿಂತಿತು. ಮುಂಬಯಿಯ ವರ್ತಕರು ಈ ವ್ಯಾಪಾರಕ್ಕಾಗಿ ಕಾರವಾರದ ಬಂದರವನ್ನು ಬಯಸಿ ಒತ್ತಾಯಪಡಿಸಿದುದರಿಂದ ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಇಲಾಖೆಗೆ ವರ್ಗವಾಯಿತು. ಅಮೇರಿಕೆಯ ಅಂತರ್ಯುದ್ಧದಿಂದ (1861–65) ಹತ್ತಿಯ ಬೆಲೆಯು ಏರಿದ್ದ ಕಾಲವದು. ಜಿಲ್ಲೆಯ ಭಾಗ್ಯವನ್ನು ನಿರ್ಣಯಿಸಿದ್ದು ಹತ್ತಿಯ ಗಾಡಿ.

ಆದರೆ ಊರನ್ನು ಹಾಯ್ದು ಹೋಗುವ ಮಾರ್ಗ ಬೇರೆ, ಊರಿಗೆ ಬರುವ ಮಾರ್ಗ ಬೇರೆ. ಮೊದಲಿನದಕ್ಕೆ ವರ್ತಕರೂ ಸರಕಾರವೂ ಹೊಣೆಯಾದರು. ಎರಡನೆಯದರ ಹೊಣೆ ರೈತನ ಮೇಲೆ ಬಂದಿತು. 1863ರಿಂದ ಮುಂಬಯಿ ಇಲಾಖೆಯಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯ ಲೋಕಲ ಫಂಡ ಪಟ್ಟಿಯನ್ನು ವಸೂಲು ಮಾಡತೊಡಗಿದರು. 1869ರ ಮುಂಬಯಿ 3ನೆಯ ಕಾಯ್ದೆಯಿಂದ ಅದಕ್ಕೆ ಕಾನೂನಿನ ಆಧಾರವು ದೊರೆಯಿತು. ಈ ಆಣೆಯ ಎರಡು ಪಾಲು ಮಾರ್ಗಾದಿಗಳಿಗೆ, ಒಂದು ಪಾಲು ಶಾಲೆಗಳಿಗೆ. ಆಣೆಗೆ ಹನ್ನೆರಡು ಪೈಗಳಾದುದರಿಂದ ಎಂಟು ಪೈ ದಾರಿಗೆ, ನಾಲ್ಕು ಪೈ ಪಾಠಕ್ಕೆ. ಹತ್ತು ರೂಪಾಯಿ ಕಂದಾಯ ತೆರುವ ರೈತನು ಹತ್ತಾಣೆ ಹೆಚ್ಚಾಗಿ ಕೊಟ್ಟರೆ ಅದರಲ್ಲಿ ಆರಾಣೆ ಎಂಟು ಪೈ ದಾರಿಯ ಲೆಕ್ಕಕ್ಕೆ ಹೋಗುವದು. ಮೊತ್ತವು ಅಲ್ಪ, ಆದರೆ ಮಳೆ ಬರಲಿ, ಯುದ್ಧವಾಗಲಿ, ವರ್ಷಕ್ಕೊಮ್ಮೆ ತಪ್ಪದೆ ಬರುವ ಮೊತ್ತ.

ಇದರೊಡನೆ ತಾರಿಗಳ ಉತ್ಪನ್ನವಿತ್ತು. ಹೊಳೆಗೊಂದರಂತೆ ತಾರಿಯಿದ್ದ ಈ ಕರಾವಳಿಯಲ್ಲಿ ದೋಣಿ ಹಾಯಿಸುವ ಹಕ್ಕನ್ನು ಲಿಲಾವು ಹಾಕುತ್ತಿದ್ದರು. 1868ರ ಕಾಯ್ದೆಯು ತಾರಿಗಳಿಗೂ, 1875ರ ಕಾಯ್ದೆಯು ಮಾರ್ಗ ಹಾಗೂ ಸೇತುವೆಗಳ ಸುಂಕಕ್ಕೂ ನಿಯಮಗಳನ್ನು ವಿಧಿಸಿದವು. ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು: ಸೇತುವೆಯಾದರೆ ಪ್ರಯಾಣವು ಸುಗಮವಾಗುವದು, ಆದರೆ ತಾರಿಯ ಆದಾಯವು ನಿಲ್ಲುವದು, ಮೇಲಾಗಿ ಸೇತುವೆಯ ದುರಸ್ತಿಯ ವೆಚ್ಚವು ಹೊಸದಾಗಿ ಹುಟ್ಟುವದು.

ಲಾರ್ಡ ರಿಪ್ಪನರ 1882ರ ನಿರ್ಣಯದ ಫಲವಾಗಿ 1884ರ ಕಾಯ್ದೆಯನ್ವಯ ಜಿಲ್ಲಾ ಮತ್ತು ತಾಲೂಕು ಲೋಕಲ ಬೋರ್ಡುಗಳು ಏರ್ಪಟ್ಟವು. ಕಲೆಕ್ಟರನೇ ಜಿಲ್ಲಾ ಬೋರ್ಡಿನ ಅಧ್ಯಕ್ಷ. ಆದರೂ ಚುನಾಯಿತ ಸದಸ್ಯರಿಗೆ ಅಲ್ಲಿ ಬಾಯಿ ಬಂದಿತು. ಯಾವ ಮೋರಿ ಮೊದಲು, ಯಾವ ಕೇರಿಯ ದಾರಿ ಮುಂದಿನ ವರ್ಷಕ್ಕೆ ಎಂಬುದು ಸಭೆಯ ಚರ್ಚೆಗೆ ವಿಷಯವಾಯಿತು. ಭಟಕಳವು ಆಗ ಪೂರ್ಣ ತಾಲೂಕಾಗಿರದೆ ಹೊನ್ನಾವರದ ಪೇಟಾ ಆಗಿದ್ದುದರಿಂದ ಅಲ್ಲಿಯ ಬೇಡಿಕೆಯನ್ನು ಹೊನ್ನಾವರದ ಬೇಡಿಕೆಯೊಡನೆ ತೂಗಬೇಕಾಗುತ್ತಿತ್ತು. ಕೈಯಲ್ಲಿರುವ ಹಣಕ್ಕೂ ಕೇಳುವ ದಾರಿಗಳಿಗೂ ಹೊಂದಿಕೆಯಾಗದಾಗ ಅನುಕ್ರಮವನ್ನು ಗೊತ್ತುಪಡಿಸುವದೇ ಯೋಜನೆ. ಆ ಅಭ್ಯಾಸದ ಮೊದಲ ಪಾಠವು ನಮ್ಮವರಿಗೆ ದೊರೆತದ್ದು ಈ ಬೋರ್ಡುಗಳಲ್ಲಿ.

ಇಷ್ಟರೊಳಗೆ ಹತ್ತಿಯ ಭಾಗ್ಯವು ತಿರುಗಿತು. 1880ರ ದಶಕದ ಕೊನೆಗೆ ಮುರಗಾಂವ ಬಂದರದಿಂದ ಉಗಿಬಂಡಿಯು ಘಟ್ಟವನ್ನೇರಿತು. ಧಾರವಾಡದ ಹತ್ತಿಯು ಕುಮಟೆಯನ್ನು ಬಿಟ್ಟು ರೈಲನ್ನು ಹಿಡಿಯಿತು. ಪರರ ಸರಕಿಗಾಗಿ ಹುಟ್ಟಿದ ವೈಭವವು ಪರರ ಸರಕಿನೊಡನೆಯೇ ಹೊರಟುಹೋಯಿತು. ಘಟ್ಟದ ದಾರಿಯು ಉಳಿಯಿತು, ಅದರ ಮಳೆಗಾಲದ ವೆಚ್ಚವೂ ಉಳಿಯಿತು.

ಮೋಟಾರು ಬಂದ ಮೇಲೆ ದಾರಿಯ ಸವೆತವು ಇಮ್ಮಡಿಸಿತು. ಕಂದಾಯದ ಆಣೆಯಾದರೋ ಅಷ್ಟೇ ಇತ್ತು. ಸವೆಸುವವನೇ ತೆರಬೇಕೆಂಬ ನ್ಯಾಯದಂತೆ, ಎಂ. ಆರ್. ಜಯಕರ ಅವರ ಅಧ್ಯಕ್ಷತೆಯ ಸಮಿತಿಯ ಸೂಚನೆಯ ಮೇರೆಗೆ 1929ರಲ್ಲಿ ಪೆಟ್ರೋಲಿನ ಗ್ಯಾಲನಿಗೆ ಎರಡಾಣೆಯ ಹೆಚ್ಚಿನ ತೆರಿಗೆಯನ್ನು ಮಾರ್ಗಗಳಿಗಾಗಿ ಮೀಸಲಿಟ್ಟರು. 1943ರಲ್ಲಿ ನಾಗಪುರದಲ್ಲಿ ನೆರೆದ ಮುಖ್ಯ ಇಂಜಿನಿಯರರು ಇಡೀ ದೇಶಕ್ಕೆ ಇಪ್ಪತ್ತು ವರ್ಷಗಳ ಯೋಜನೆಯನ್ನು ರಚಿಸಿ, ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ಎಂದು ಮಾರ್ಗಗಳಿಗೆ ಶ್ರೇಣಿಗಳನ್ನು ಕಲ್ಪಿಸಿದರು. ದೀರ್ಘಕಾಲದ ದೃಷ್ಟಿಯು ಇದರಿಂದ ಲಭಿಸಿತು. ಆದರೆ ಶ್ರೇಣಿಯು ಇಳಿದಂತೆ ಬೊಕ್ಕಸವೂ ಇಳಿಯಿತು. ಗ್ರಾಮಮಾರ್ಗವು ಎಲ್ಲಕ್ಕೂ ಕೆಳಗೆ ನಿಂತಿತು.

1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1959ರ ಕಾಯ್ದೆಯಿಂದ ತಾಲೂಕು ಬೋರ್ಡುಗಳ ಹೊಸ ವ್ಯವಸ್ಥೆ, 1987ರಲ್ಲಿ ಜಿಲ್ಲಾ ಪರಿಷತ್ತು, 1993ರ ಕಾಯ್ದೆಯಿಂದ ಮೂರು ಹಂತದ ಪಂಚಾಯತಗಳು ಕ್ರಮವಾಗಿ ಬಂದವು. ಅಧಿಕಾರವು ಊರಿಗೆ ಹತ್ತಿರವಾಯಿತು. ಹಣವು ಬಹುಮಟ್ಟಿಗೆ ಅನುದಾನರೂಪವಾಗಿ ಮೇಲಿನಿಂದಲೇ ಇಳಿಯತೊಡಗಿತು. 2000ದಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ ಯೋಜನೆಯು ಸಾಮಾನ್ಯ ಪ್ರದೇಶಗಳಲ್ಲಿ ಐನೂರು ಜನರಿರುವ ವಸತಿಗಳನ್ನು ಎಣಿಕೆಗೆ ಹಿಡಿಯಿತು. ಬಯಲುಸೀಮೆಯಲ್ಲಿ ಊರು ಗುಂಪಾಗಿರುವದರಿಂದ ಈ ಅಳತೆಯು ಸರಿಹೋಗುವದು. ಕರಾವಳಿಯಲ್ಲಾದರೋ ತೋಟಕ್ಕೊಂದು, ಗದ್ದೆಯಂಚಿಗೊಂದು ಮನೆ. ನಾಲ್ಕು ಮನೆಗಳಿಗೊಂದು ಕೇರಿ, ಕೇರಿಗೊಂದು ಹಳ್ಳ. ಎಣಿಕೆಗೆ ಸಿಕ್ಕದ ಈ ಕೇರಿಗಳಿಗೆ ಮಳೆಗಾಲದಲ್ಲಿ ಕಾಲುಸಂಕವೇ ಮಾರ್ಗ. ಸಂಕವು ತೇಲಿಹೋದರೆ ಮಗುವಿಗೆ ಶಾಲೆಯಿಲ್ಲ, ಬಾಣಂತಿಗೆ ವೈದ್ಯನಿಲ್ಲ. ಆದರೂ ಆ ಯೋಜನೆಯಲ್ಲಿ ಒಂದು ಗುಣವನ್ನು ಮೆಚ್ಚಬೇಕು: ಮಾರ್ಗವನ್ನು ಮಾಡಿದವನೇ ಐದು ವರ್ಷಗಳವರೆಗೆ ಅದನ್ನು ಕಾಯಬೇಕೆಂಬ ಕರಾರು ಅದರಲ್ಲಿದೆ. ಯೋಗದೊಡನೆ ಕ್ಷೇಮವನ್ನು ಅಷ್ಟುಮಟ್ಟಿಗಾದರೂ ಕಟ್ಟಿಹಾಕಿದಂತಾಯಿತು. ಆರನೆಯ ವರ್ಷದ ಮಾತು ಮಾತ್ರ ಹಳೆಯ ಪ್ರಶ್ನೆಯೇ.

ಹೆದ್ದಾರಿಗೂ ಈ ಪ್ರಶ್ನೆಯು ತಪ್ಪಿದುದಲ್ಲ. ಮೂರೂ ಊರುಗಳನ್ನು ಪೋಣಿಸುವ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಚತುಷ್ಪಥವಾಗಿ ಅಗಲಿಸಲು ಗುಡ್ಡಗಳನ್ನು ಕಡಿಯಲಾಯಿತು. 2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಜರಿದು ಹಲವರ ಪ್ರಾಣಗಳು ಹೋದವು. ಎಷ್ಟು ಅಗಲದ ಮಾರ್ಗವಾದರೂ ಮಗ್ಗುಲಿನ ನೆಲವನ್ನೂ ನೀರನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಮಳೆಯ ಮುಂದೆ ನಿಲ್ಲದು.

ಇಷ್ಟರಿಂದ ಒಂದಾಣೆಯ ಕಾಲವನ್ನೇ ಸುವರ್ಣಯುಗವೆಂದು ಕೊಂಡಾಡುವ ಅಗತ್ಯವಿಲ್ಲ. ಆ ಆಣೆಯು ಬಡರೈತನಿಗೆ ಭಾರವಾಗಿತ್ತು. ಅದರಿಂದಾದ ಕೆಲಸವೂ ಸ್ವಲ್ಪವೇ. ಆದರೆ ಅದರಲ್ಲಿದ್ದ ತತ್ತ್ವವು ದೊಡ್ಡದು: ದಾರಿಯ ಪಾಲು ಮೊದಲೇ ನಿಶ್ಚಿತ, ವರ್ಷಕ್ಕೆ ವರ್ಷ ನಿಯತ, ಬೇರೆಯದಕ್ಕೆ ತಿರುಗಿಸಲಾರದ್ದು. ಇಂದಿನ ಪಂಚಾಯತಗಳು ತಮ್ಮ ದಾರಿ, ಮೋರಿ, ಸಂಕಗಳ ಪಟ್ಟಿಯನ್ನು ಇಟ್ಟುಕೊಂಡು, ಹೊಸ ಕೆಲಸದ ಹಣದಿಂದ ರಕ್ಷಣೆಯ ಹಣವನ್ನು ಬೇರ್ಪಡಿಸಿ, ಮೃಗಶಿರೆಯ ಮಳೆ ಹಿಡಿಯುವ ಮೊದಲೇ ಗಟಾರಗಳನ್ನು ಬಿಡಿಸಿದರೆ ಆ ಎಂಟು ಪೈಗಳ ಪಾಠವನ್ನು ಕಲಿತಂತಾಗುವದು. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರು ಕೆತ್ತುವದು ಯೋಗಕ್ಕೆ ಮಾತ್ರ. ಕ್ಷೇಮಕ್ಕೆ ಕಲ್ಲಿಲ್ಲ, ಆಷಾಢದ ಮಳೆಯಲ್ಲಿ ಕುಸಿಯದೆ ನಿಂತ ದಾರಿಯೇ ಅದರ ಶಾಸನ.