ಕೂಸು ಯಾರ ಲೆಕ್ಕಕ್ಕೆ? ತಂದೆ, ಕಾನೂನು ಮತ್ತು ತಾಂಡೂರು

ತಂದೆಯನ್ನು ಮಗುವಿನ ಹತ್ತಿರ ತರೋದಕ್ಕೆ ಸರ್ಕಾರ ಏನು ಮಾಡಿದೆ ಅಂತ ಹುಡುಕಿದರೆ ಮೊದಲು ಸಿಗೋದು ಪಿತೃತ್ವ ರಜೆ. ಐದನೆಯ ವೇತನ ಆಯೋಗದ ನಂತರ, 1997ರಲ್ಲಿ, ಕೇಂದ್ರ ಸರ್ಕಾರ ತನ್ನ ಪುರುಷ ನೌಕರರಿಗೆ 15 ದಿನಗಳ ರಜೆ ಕೊಟ್ಟಿತು. ನಮ್ಮ ತಾಂಡೂರು ಆಗ ಆಂಧ್ರಪ್ರದೇಶದಲ್ಲಿತ್ತು. ಆ ರಾಜ್ಯದ ನೌಕರರಿಗೆ ಇಂಥದೇ ಆದೇಶ ಬಂದದ್ದು 2005ರಲ್ಲಿ. ಹೆಂಡತಿಯ ಹೆರಿಗೆಗಾಗಿ ಕೊಡುವ ರಜೆ ಇದು, ಅದೂ ಎರಡು ಮಕ್ಕಳವರೆಗೆ ಮಾತ್ರ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಲ್ಲಿ. ಅಲ್ಲಿ ಗಂಡ ಅಳಿಯನಾಗಿ ಕೂತು ಉಪಚಾರ ಮಾಡಿಸಿಕೊಳ್ಳುತ್ತಾನೆ, ಕೂಸಿನ ಆರೈಕೆ ಅಜ್ಜಿಯದು. ಹದಿನೈದು ದಿನ ಹೀಗೇ ಕಳೆದುಹೋಗುವುದುಂಟು.

ಅದಿರಲಿ. ತಾಂಡೂರು ಅಂದರೆ ಫರ್ಸಿ ಕಲ್ಲು, ಸಿಮೆಂಟು, ತೊಗರಿ. ಕಲ್ಲಿನ ಖಣಿಗೆ ದಿನಗೂಲಿಗೆ ಹೋಗುವ ತಂದೆಗೆ ರಜೆ ಅಂದರೆ ಅವತ್ತಿನ ಕೂಲಿ ಇಲ್ಲ ಅಂತಲೇ ಅರ್ಥ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ತಾಯಿಯ ರಜೆಯನ್ನು 26 ವಾರಕ್ಕೆ ಏರಿಸಿತು. ತಂದೆಗೆ ಒಂದು ದಿನವೂ ಬರೆಯಲಿಲ್ಲ.

ನನಗೆ ರಜೆಗಿಂತ ಕುತೂಹಲ ಹುಟ್ಟಿಸಿದ್ದು ಕೂಸಿನ ಮನೆಯ ನಿಯಮ. ಸಾಹಿತ್ಯದ ವಿದ್ಯಾರ್ಥಿಗೆ ಕಾನೂನಿನಲ್ಲೂ ಪದಗಳೇ ಕಣ್ಣಿಗೆ ಬೀಳೋದು! 1948ರ ಕಾರ್ಖಾನೆ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಅಂದಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. ಅಂದರೆ ಸಾವಿರ ಗಂಡಸರು ದುಡಿದರೂ ಅವರಿಗೆ ಮಕ್ಕಳೇ ಇಲ್ಲ ಅನ್ನುವ ಹಾಗೆ. 2017ರಲ್ಲಿ ಮೊದಲ ಸಲ 50 'ನೌಕರರು' ಅಂತ ಬಂತು, ಗಂಡಸರೂ ಎಣಿಕೆಗೆ ಸೇರಿದರು. ಇದು ಸಣ್ಣ ಬದಲಾವಣೆ ಅಲ್ಲ. ಆದರೆ ಮುಂದಿನ ಸಾಲು ಓದಿ: ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಲು ಬಿಡಬೇಕಾದ್ದು ಮಹಿಳೆಯನ್ನು. ಮೊಲೆಹಾಲಿನ ಕೂಸಿಗೆ ಅದು ಸರಿ; ನಾಲ್ಕು ವರ್ಷದ ಮಗುವಿಗೆ ಅಪ್ಪ ಬಂದರೆ ಏನಾಗುತ್ತೆ?

ಹಳ್ಳಿಯಲ್ಲೂ ಇದೇ ಕತೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಪ್ರಕಾರ, ಕೆಲಸದ ಜಾಗಕ್ಕೆ ಹೆಂಗಸರ ಜೊತೆ ಬಂದ ಆರು ವರ್ಷದೊಳಗಿನ ಮಕ್ಕಳು ಐದು ಅಥವಾ ಹೆಚ್ಚಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕಿತ್ತು. ಅಪ್ಪನ ಹೆಗಲ ಮೇಲೆ ಬಂದ ಕೂಸು ಆ ಐದರಲ್ಲಿ ಸೇರುತ್ತಿರಲಿಲ್ಲ. ನೋಡಿಕೊಳ್ಳುವ ಕೆಲಸವೂ, ಅದರ ಕೂಲಿಯೂ ಹೆಂಗಸಿಗೇ. ಕೂಲಿಯ ದೃಷ್ಟಿಯಿಂದ ಇದನ್ನು ಸಮರ್ಥಿಸಬಹುದು, ಚರ್ಚೆಯಲ್ಲಿ ಯಾರಾದರೂ ಸಮರ್ಥಿಸಲಿ ಅಂತಲೇ ನನ್ನಾಸೆ. ಆದರೆ 'ಹೆಂಗಸರ ಜೊತೆ ಬಂದ' ಅನ್ನುವ ಕಡೆ 'ಕೆಲಸಗಾರರ ಜೊತೆ ಬಂದ' ಅಂತ ಬರೆಯೋದಕ್ಕೆ ಸರ್ಕಾರಕ್ಕೆ ಒಂದು ರೂಪಾಯಿ ಅನುದಾನವೂ ಬೇಕಿರಲಿಲ್ಲ.